ರಾಡಿಗನ್ನನ ಮೊಣಕೈ, ನನ್ನ ಭುಜ, ನಾರ್ಬನ ಮಂಡಿ

ನಮ್ಮ ಮನೆಯಲ್ಲಿ ಏನೇ ನಡೆದರೂ ಎರಡೆರಡು ಸಲ ನಡೆಯುತ್ತದೆ. ಮೊದಲು ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ. ಇದಕ್ಕೆ ಕಾರಣ ನಾನಲ್ಲ, ರೇಡಿಯೋ. (ನನ್ನ ಹೆಂಡತಿ ಲುಸೀಲ್‌ಳನ್ನು ಕೇಳಿದರೆ ಕಾರಣ ನಾನೇ ಅನ್ನುತ್ತಾಳೆ. ಆದ್ದರಿಂದ ಅವಳನ್ನು ಕೇಳಬೇಡಿ.)

ವಿಷಯ ಇಷ್ಟೇ. ನಮ್ಮ ಹೆರನ್ಸ್ ತಂಡದ ಬೇಸ್‌ಬಾಲ್ ಆಟವನ್ನು ನಾನು ಟೀವಿಯಲ್ಲಿ ನೋಡುತ್ತೇನೆ. ಆದರೆ ಟೀವಿಯ ಬಾಯಿ ಮುಚ್ಚಿಸಿ ರೇಡಿಯೋದ ಬಾಯಿ ಬಿಡಿಸುತ್ತೇನೆ. ಈ ಸರೋವರದ ದಂಡೆಯಲ್ಲಿ ನನ್ನ ವಯಸ್ಸಿನವರೆಲ್ಲ ಹೀಗೇ. ಯಾಕೆಂದರೆ ರೇಡಿಯೋದಲ್ಲಿ ವೆಸ್ ಹ್ಯಾಲರನ್ ಇದ್ದಾರೆ. ನನ್ನ ಅಪ್ಪ ಕಾರಿನ ಕೆಳಗೆ ಮಲಗಿ ನಟ್ಟು ಬಿಗಿಯುವಾಗ ಕೇಳುತ್ತಿದ್ದ ದನಿ ಅದು. ನನ್ನ ಮದುವೆಯ ದಿನ ಚರ್ಚಿನ ಹಿಂದೆ ಕಾರಿನಲ್ಲಿ ಕೂತು ನಾನು ಕೇಳುತ್ತಿದ್ದ ದನಿಯೂ ಅದೇ. (ಒಳಗೆ ಮದುಮಗಳು ಕಾಯುತ್ತಿದ್ದಳು. ಅವಳು ಅದನ್ನು ಇನ್ನೂ ಮರೆತಿಲ್ಲ.) ವೆಸ್ ಆಟವನ್ನು ವರ್ಣಿಸುತ್ತ ವರ್ಣಿಸುತ್ತ ತಮ್ಮ ಅತ್ತೆ ಸೌತೆಕಾಯಿ ಉಪ್ಪಿನಕಾಯಿ ಹಾಕುತ್ತಿದ್ದ ಬಗೆ ಹೇಳುತ್ತಾರೆ, ಸರಿಯಾಗಿ ಭರಣಿಯ ಮುಚ್ಚಳ ಹಾಕುವ ಹೊತ್ತಿಗೆ ಆಟಗಾರ ಚೆಂಡನ್ನು ಬಾರಿಸುತ್ತಾನೆ. ಅದು ಕಲಿತು ಬರುವ ವಿದ್ಯೆಯಲ್ಲ.

ತೊಂದರೆ ಒಂದೇ. ರೇಡಿಯೋ ಮುಂದೆ, ಟೀವಿ ಹಿಂದೆ. ವೆಸ್ "ಹೋಯ್ತು, ಹೋಯ್ತು, ಗೋಡೆ ದಾಟಿ ಹೋಯ್ತು!" ಎಂದು ಕೂಗಿ, ನಾನು ಎದ್ದು ಕುಣಿದು, ದಣಿದು ವಾಪಸ್ ಕುರ್ಚಿಗೆ ಬಿದ್ದ ಮೇಲೆ ಟೀವಿಯಲ್ಲಿ ಪಿಚರ್ ಮಹಾಶಯ ಚೆಂಡೆಸೆಯಲು ನಿಧಾನವಾಗಿ ಕೈ ಎತ್ತುತ್ತಾನೆ.

"ಇದೇನು ಆಟ ನೋಡೋದಾ, ಸತ್ತೋರ ಫೋಟೋ ನೋಡೋದಾ?" ಎನ್ನುತ್ತಾಳೆ ಲುಸೀಲ್. ಅವಳಿಗೆ ಟೀವಿಯ ಪ್ರಿಸಿಲಾ ಮೋಟ್ ಇಷ್ಟ. ಈ ಪ್ರಿಸಿಲಾ ಕಾಲೇಜಿನಲ್ಲಿ ತಾನೇ ಪಿಚರ್ ಆಗಿದ್ದವಳು, ತೋಳು ಕೆಡಿಸಿಕೊಂಡು ಮೈಕು ಹಿಡಿದವಳು. "ಆ ಹುಡುಗಿ ಚೆಂಡು ಯಾಕೆ ತಿರುಗ್ತು ಅಂತ ಹೇಳ್ತಾಳೆ. ನಿನ್ನ ವೆಸ್ ಉಪ್ಪಿನಕಾಯಿ ಯಾಕೆ ಹುಳಿಯಾಯ್ತು ಅಂತ ಹೇಳ್ತಾನೆ."

"ಆಟಕ್ಕೆ ಕತೆ ಬೇಕು ಕಣೇ, ಲೆಕ್ಕ ಅಲ್ಲ!"

"ಕತೆ ಬೇಕಾದ್ರೆ ನಿನ್ನನ್ನ ಕೇಳ್ತೀನಿ. ಗ್ಯಾರೇಜ್ ಯಾವಾಗ ಗುಡಿಸ್ತೀಯ ಅಂತ ಕೇಳಿದ್ರೆ ಎಷ್ಟು ಚೆನ್ನಾಗಿ ಹೇಳ್ತೀಯ!"

ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಒಂದು ಐತಿಹಾಸಿಕ ಸಂಧಾನ ಏರ್ಪಟ್ಟಿತು. ಬೆಸ ಸಂಖ್ಯೆಯ ಇನಿಂಗ್ಸ್‌ಗಳಲ್ಲಿ ರೇಡಿಯೋ, ಸಮ ಸಂಖ್ಯೆಯವುಗಳಲ್ಲಿ ಟೀವಿ. ಇನಿಂಗ್ಸ್ ಒಟ್ಟು ಒಂಬತ್ತಾದ್ದರಿಂದ ನನಗೆ ಒಂದು ಹೆಚ್ಚು ಸಿಗುತ್ತದೆ, ಅವಳು ಗಮನಿಸಿಲ್ಲ ಎಂದು ಒಳಗೊಳಗೇ ಬೀಗಿದ್ದೆ. ಅವಳು ಗಮನಿಸಿದ್ದಳು. ಅದಕ್ಕೆ ಬದಲಾಗಿ ಆಟದ ದಿನಗಳಂದು ಪಾತ್ರೆ ತೊಳೆಯುವ ಕೆಲಸ ಅದು ಹೇಗೋ ನನ್ನ ಪಾಲಿಗೆ ಬಂದಿತ್ತು.

ಸೆಪ್ಟೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಈ ಶಾಂತಿ ಒಪ್ಪಂದ ಮುರಿದುಬಿತ್ತು. ಅಂದು ಗೆದ್ದರೆ ನಮ್ಮ ತಂಡ ಮುಂದಿನ ಸುತ್ತಿಗೆ, ಸೋತರೆ ಮನೆಗೆ. ಎಸೆಯುತ್ತಿದ್ದವನು ಕೋಲ್ಟನ್ ರಾಡಿಗನ್, ನಮ್ಮ ಅತ್ಯುತ್ತಮ ಪಿಚರ್. ನಾಲ್ಕನೇ ಇನಿಂಗ್ಸ್, ಅಂದರೆ ಪ್ರಿಸಿಲಾಳ ಸರದಿ. ರಾಡಿಗನ್ ಒಂದು ಚೆಂಡು ಎಸೆದ, ಮೊಣಕೈ ಹಿಡಿದುಕೊಂಡು ತೋಳು ಒದರಿದ, ಬೆರಳುಗಳನ್ನು ನೋಡಿಕೊಂಡ. ಆಮೇಲೆ ಎಡಗೈಯನ್ನು ಮೇಲೆತ್ತಿ ತಂಡದ ಮ್ಯಾನೇಜರನ್ನು ಕರೆದ. ಇಬ್ಬರೂ ಏನೋ ಎರಡು ಮಾತಾಡಿದರು. ರಾಡಿಗನ್ ಚೆಂಡನ್ನು ಅವರ ಕೈಗಿಟ್ಟು ತಲೆ ತಗ್ಗಿಸಿ ನಡೆದುಬಿಟ್ಟ.

"ಇದು ಸುಲಭದ ಕೆಲಸ ಅಲ್ಲ. ಬಹಳ ಜನ ನೋವನ್ನ ಬಚ್ಚಿಡ್ತಾರೆ. ನಾನೂ ಬಚ್ಚಿಟ್ಟಿದ್ದೆ," ಎಂದಳು ಪ್ರಿಸಿಲಾ.

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ವರ್ಷ ದುಡಿದ ಜೊತೆಗಾರರನ್ನು ನಡುನೀರಿನಲ್ಲಿ ಕೈಬಿಟ್ಟು ಹೋಗುವುದನ್ನು ಈಕೆ ಹೊಗಳುತ್ತಿದ್ದಾಳಲ್ಲ! ಕಾಲಿನ ಚಪ್ಪಲಿ ತೆಗೆದು ಟೀವಿಯಲ್ಲಿ ನಡೆದುಹೋಗುತ್ತಿದ್ದ ರಾಡಿಗನ್ನನ ಬೆನ್ನಿಗೆ ಬೀಸಿ ಎಸೆದೆ. ಅದು ಟೀವಿಗೆ ತಾಗಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಲುಸೀಲ್‌ಳ ಹೂವಿನ ಕುಂಡಕ್ಕೆ ತಾಗಿತು. (ನಾನು ನಮ್ಮ ಚರ್ಚಿನ ಸಾಫ್ಟ್‌ಬಾಲ್ ತಂಡದ ಪಿಚರ್ ಎಂಬ ವಿಷಯವನ್ನು ಇನ್ನೊಂದು ಸಂದರ್ಭದಲ್ಲಿ ಹೇಳಬೇಕೆಂದಿದ್ದೆ.) ಕುಂಡ ನೆಲಕ್ಕೆ ಬಿದ್ದದ್ದೂ, ನನ್ನ ಬಲಭುಜದೊಳಗೆ ಏನೋ ಚಟ್ ಎಂದದ್ದೂ ಒಟ್ಟಿಗೇ ಆಯಿತು.

"ಏನಾಯ್ತು?" ಎಂದಳು ಲುಸೀಲ್.

"ಏನಿಲ್ಲ. ಗಾಳಿ."

ಅವಳು ಮುಚ್ಚಿದ ಕಿಟಕಿಯನ್ನು ನೋಡಿದಳು, ನನ್ನ ಒಂಟಿ ಚಪ್ಪಲಿಯನ್ನು ನೋಡಿದಳು. ಕಸಬರಿಗೆ ತಂದು ನನ್ನ ಕೈಗೆ ಕೊಟ್ಟಳು.

ರಾಡಿಗನ್ನನ ಬದಲಿಗೆ ಬಂದವನು ಚೆನ್ನಾಗಿ ಹೊಡೆಸಿಕೊಂಡ. ಸೋತೆವು. ನಾನು ಮಣ್ಣು ಗುಡಿಸುತ್ತ ಸಿಡಿಮಿಡಿಗುಟ್ಟುತ್ತಿದ್ದೆ. "ಜೊತೆಗಾರರಿಗಾಗಿ ಒಂದಿಷ್ಟು ನೋವು ತಡೆಯಕ್ಕಾಗಲ್ವಾ ಆ ಮನುಷ್ಯನಿಗೆ?"

"ಮೊಣಕೈ ಅವನದು ಕಣೋ."

"ಅಂಗಿ ಹಾಕ್ಕೊಂಡ ಮೇಲೆ ಮೊಣಕೈ ತಂಡದ್ದು!"

"ಹಾಗಾದ್ರೆ ಕೆಟ್ಟುಹೋಗಿದೆ ಅಂತ ತಂಡಕ್ಕೆ ಹೇಳ್ಬೇಕಾ ಬೇಡ್ವಾ? ಅದನ್ನೇ ತಾನೇ ಅವನು ಮಾಡಿದ್ದು?"

ಈ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹಾಗಾಗಿ ನಾನು ಊರಿನ ನ್ಯಾಯಾಲಯಕ್ಕೆ ಹೋದೆ. ಆಟ ಮುಗಿದ ಮೇಲೆ ವೆಸ್ ರೇಡಿಯೋದಲ್ಲಿ ಕೇಳುಗರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಬಹಳ ಹೊತ್ತು ಕಾದ ಮೇಲೆ ಸಿಕ್ಕರು. ನನ್ನ ಹೆಸರು ಕ್ಲೆಮ್ ಸೊಬೊಟ್ಕಾ, ಗಾಜಿನ ಕಾರ್ಖಾನೆಯಿಂದ ನಿವೃತ್ತ, ಸಂತ ಕ್ಯಾಸಿಮಿರ್ ಚರ್ಚಿನ ತಂಡದ ಪಿಚರ್ ಎಂದು ಬಿರುದು ಬಾವಲಿಗಳನ್ನೆಲ್ಲ ಹೇಳಿಕೊಂಡು, ತ್ಯಾಗ, ನಿಷ್ಠೆ, ಗಂಡಸುತನ ಇತ್ಯಾದಿಗಳ ಮೇಲೆ ಒಂದು ಉಪನ್ಯಾಸ ಬಿಗಿದೆ. ಕೊನೆಗೆ, "ನನ್ನ ತೋಳು ಕಳಚಿ ಬಿದ್ರೂ ಇನ್ನೊಂದು ಕೈಲಿ ಎಸೀತೀನಿ ವೆಸ್, ಜೊತೆಗಾರರನ್ನ ಬಿಟ್ಟು ಹೋಗಲ್ಲ!" ಎಂದೆ.

ವೆಸ್ ಅಂದರು: "ಕ್ಲೆಮ್, ಒಂದು ಮಾತು ಕೇಳ್ತೀನಿ. ತೋಳು ನೋಯ್ತಾ ಇದೆ ಅಂತ ಜೊತೆಗಾರರಿಗೆ ಹೇಳ್ತೀರಾ?"

"ಉಸಿರೇ ಬಿಡಲ್ಲ!"

"ಹಾಗಾದ್ರೆ ಪಾಪ, ಅವರ ಗತಿ ಏನು?" ಎಂದವರೇ ಮಳೆನೀರಿನ ಕೊಳವೆ ಶುಚಿ ಮಾಡುವವರ ಜಾಹೀರಾತಿಗೆ ಹೋಗಿಬಿಟ್ಟರು. ವೆಸ್‌ಗೆ ವಯಸ್ಸಾಯಿತು ಎಂದುಕೊಂಡೆ.

ಆಡಿದ ಮಾತು ಊರೆಲ್ಲ ಕೇಳಿಯಾಗಿತ್ತು. ಮಾಂಸದಂಗಡಿಯವನು ಸಾಸೇಜು ಕಟ್ಟಿಕೊಡುತ್ತ, "ಇನ್ನೊಂದು ಕೈ ಹೇಗಿದೆ ಕ್ಲೆಮ್?" ಎಂದ. ಚರ್ಚಿನ ಮೆಟ್ಟಿಲ ಮೇಲೆ ಫಾದರ್ ನನ್ನ ಬೆನ್ನು ತಟ್ಟಿದರು. ತಟ್ಟಿದ್ದು ಬಲಭಾಗಕ್ಕೆ. ಕಣ್ಣಲ್ಲಿ ನೀರು ಬಂತು. ಭಕ್ತಿ ಎಂದುಕೊಂಡಿರಬೇಕು.

ಏಕೆಂದರೆ ಭುಜ ನಿಜವಾಗಿಯೂ ಕೆಟ್ಟಿತ್ತು. ಕಾಫಿ ಲೋಟ ಎತ್ತಲು ಆಗುತ್ತಿರಲಿಲ್ಲ. ಮುಂದಿನ ಭಾನುವಾರವೇ ಸಂತ ಸ್ಟೀಫನ್ ಚರ್ಚಿನವರ ಮೇಲೆ ನಮ್ಮ ವರ್ಷದ ಪಂದ್ಯ. ಗೆದ್ದವರಿಗೆ ಒಂದು ತಗಡಿನ ಕಪ್ಪು; ಸೋತವರು ಗೆದ್ದವರ ಚರ್ಚಿನಲ್ಲಿ ನಡೆಯುವ ಶುಕ್ರವಾರದ ಮೀನೂಟಕ್ಕೆ ಹೋಗಿ ಬಾಣಲೆ ಉಜ್ಜಬೇಕು. ನಾವು ವರ್ಷವರ್ಷವೂ ಉಜ್ಜಿ ಉಜ್ಜಿ ಅವರ ಬಾಣಲೆಗಳೆಲ್ಲ ನಮ್ಮನ್ನು ಗುರುತು ಹಿಡಿಯುವಂತಾಗಿತ್ತು. ಬಾಣಲೆಯ ಚಿಂತೆ ಹಾಗಿರಲಿ. ನನ್ನ ಚೆಂಡು ಹಿಡಿಯುವ ಕ್ಯಾಚರ್ ನಾರ್ಬರ್ಟ್ (ನಮ್ಮ ಬಾಯಲ್ಲಿ ನಾರ್ಬ್), ಲುಸೀಲ್‌ಳ ಅಣ್ಣ, ಹೆಂಡತಿ ತೀರಿಕೊಂಡ ಮೇಲೆ ಈ ಆಟವನ್ನೇ ಹಚ್ಚಿಕೊಂಡವನು. ಅವನ ಮಂಡಿಗಳು ಸವೆದು ಹೋಗಿದ್ದವು. ಪಂದ್ಯದ ಮರುವಾರವೇ ಒಂದನ್ನು ತೆಗೆದು ಲೋಹದ್ದು ಕೂರಿಸುವ ಆಪರೇಷನ್ನು. ಇನ್ನು ಅವನು ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವಂತಿಲ್ಲ. ಆ ಕಪ್ಪನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. "ಈ ಸಲ ಒಂದು ಸಲ ಎತ್ತಿಬಿಡ್ತೀನಿ ಕ್ಲೆಮ್," ಎಂದು ಬೇಸಗೆಯಿಡೀ ಹೇಳಿಕೊಂಡು ಬಂದಿದ್ದ.

ಈಗ ನಾನು "ಭುಜ ಆಗ್ತಿಲ್ಲ" ಅನ್ನುವುದು ಹೇಗೆ? ಹೇಗೆ ಆಯಿತು ಎಂದು ಕೇಳುತ್ತಾರೆ. ನೋವಿನಿಂದ ಆಟ ಬಿಟ್ಟವನ ಮೇಲೆ ಚಪ್ಪಲಿ ಎಸೆಯಲು ಹೋಗಿ ನೋವಾಯಿತು, ಆದ್ದರಿಂದ ಆಟ ಬಿಡುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ?

ಮನೆಯಲ್ಲಿ ಎಡಗೈ ಮನುಷ್ಯನಾದೆ. ಲುಸೀಲ್ ಸೂಪಿನ ಬಟ್ಟಲಿನ ಆಚೆಯಿಂದ ನೋಡಿದಳು. "ಯಾಕೆ ಎಡಗೈಲಿ ತಿಂತಿದ್ದೀಯ?"

"ಮೆದುಳಿಗೆ ಒಳ್ಳೇದಂತೆ."

"ಅಂಗಿ ಮೇಲೆ ಬೀಳ್ತಿರೋದೂ ಮೆದುಳಿಗೇನಾ?" ಎಂದು ಅಷ್ಟಕ್ಕೇ ಬಿಟ್ಟಳು. ಅವಳು ಅಷ್ಟಕ್ಕೇ ಬಿಟ್ಟಳೆಂದರೆ ನಾನು ಎಚ್ಚರಗೊಳ್ಳಬೇಕಿತ್ತು. ಆ ವಾರ ಸಂಜೆ ಹೊತ್ತು ಗ್ಯಾರೇಜಿನ ಕಡೆಯಿಂದ ಧಪ್, ಧಪ್ ಎಂದು ಸದ್ದು ಬರುತ್ತಿತ್ತು. ಏನದು ಎಂದರೆ, "ಜಮಖಾನ ಬಡೀತಿದ್ದೀನಿ," ಎಂದಳು. ನಮ್ಮ ಮನೆಯಲ್ಲಿ ಇಷ್ಟೊಂದು ಜಮಖಾನ ಇದೆಯೇ ಎಂದು ಆಶ್ಚರ್ಯಪಟ್ಟುಕೊಂಡು ಭುಜಕ್ಕೆ ಮಂಜುಗಡ್ಡೆ ಒತ್ತಿಕೊಂಡೆ.

ಭಾನುವಾರ ಬಂತು. ಸರೋವರದ ಕಡೆಯಿಂದ ತಣ್ಣನೆ ಗಾಳಿ. ಅಂಪೈರ್ ಆಗಿ ಎಂದಿನಂತೆ ಲೂಥರನ್ ಪಾದ್ರಿಯನ್ನು ಕರೆಸಿದ್ದೆವು. ಅವರ ದೃಷ್ಟಿಯಲ್ಲಿ ಕ್ಯಾಥೊಲಿಕರಾದ ನಾವು ಎರಡು ತಂಡದವರೂ ಸಮನಾಗಿ ದಾರಿ ತಪ್ಪಿದವರು, ಹಾಗಾಗಿ ತೀರ್ಪಿನಲ್ಲಿ ಮೋಸವಿರುವುದಿಲ್ಲ. ನಾರ್ಬ್ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

"ಭುಜ ಹೇಗಿದೆ ಕ್ಲೆಮ್?"

ನೋಡಿ, ಕೇಳಿದ. ನೇರವಾಗಿ ಮುಖ ನೋಡಿ ಕೇಳಿದ. "ಕಬ್ಬಿಣ!" ಎಂದೆ.

ಎಸೆಯಲು ಶುರುಮಾಡಿದೆ. ಬೇಸ್‌ಬಾಲಿನ ತಮ್ಮನಾದ ಈ ಸಾಫ್ಟ್‌ಬಾಲಿನಲ್ಲಿ ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವುದರಿಂದ ಹೇಗೋ ಸಾಗೀತು ಎಂದು ನಂಬಿದ್ದೆ. ಸಾಗಿತು, ಆದರೆ ಚೆಂಡು ನಾನು ಕಳಿಸಿದ ಕಡೆಗೆ ಸಾಗಲಿಲ್ಲ. ಒಂದು ನೆಲಕ್ಕೆ ಬಿತ್ತು. ನಾರ್ಬ್ ಮಂಡಿಯೂರಿ ಅಡ್ಡ ಬಿದ್ದು ಹಿಡಿದ. ಇನ್ನೊಂದು ಬಲಕ್ಕೆ ಹೋಯಿತು. ನಾರ್ಬ್ ಉರುಳಿದ. ಮತ್ತೊಂದು ಅವನ ತಲೆಯ ಮೇಲಿಂದ ಹೋಗಿ, ಅವನು ಎದ್ದು ಕುಂಟಿಕೊಂಡು ಬೇಲಿಯವರೆಗೆ ಓಡಿದ. ಅಷ್ಟರಲ್ಲಿ ಸಂತ ಸ್ಟೀಫನ್ನಿನವರು ಒಬ್ಬೊಬ್ಬರಾಗಿ ನಡೆದುಕೊಂಡೇ ಮೈದಾನ ಸುತ್ತಿ ರನ್ನು ಗಳಿಸುತ್ತಿದ್ದರು.

ನಾರ್ಬ್ ನನ್ನ ಹತ್ತಿರ ಬಂದ. ಮುಖವೆಲ್ಲ ಮಣ್ಣು. "ಭುಜ?"

"ಕಬ್ಬಿಣ."

"ಸರಿ ಮಾರಾಯ. ನನ್ನ ಮಂಡಿ ಇನ್ನೂ ಕಬ್ಬಿಣ ಆಗಿಲ್ಲ, ಮುಂದಿನ ವಾರ ಆಗತ್ತೆ. ಅಲ್ಲೀವರೆಗೂ ಸ್ವಲ್ಪ ನೆಟ್ಟಗೆ ಎಸಿ."

ನಗುತ್ತಲೇ ಹೇಳಿ ಹೋದ. ಮುಂದಿನ ಚೆಂಡೂ ನೆಲಕ್ಕೇ ಬಿತ್ತು. ಅವನು ಮತ್ತೆ ಧೊಪ್ಪೆಂದು ಮಂಡಿಯೂರಿದ. ಈ ಸಲ ಏಳಲು ಆಗಲಿಲ್ಲ. ಲೂಥರನ್ ಪಾದ್ರಿಗಳು ಕೈ ಕೊಟ್ಟು ಎಬ್ಬಿಸಿದರು. ಎದ್ದವನು ನೋವನ್ನು ನುಂಗಿ, ಮತ್ತೆ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ಗ್ಲವ್ ಒಡ್ಡಿದ.

ನಾನು ಚೆಂಡನ್ನು ಎಸೆಯದೆ ಹಿಡಿದು ನಿಂತೆ. ನೋವು ನುಂಗುತ್ತಿರುವುದು ನಾನು, ವೀರ ನಾನು ಎಂದು ಇಷ್ಟು ಹೊತ್ತು ಅಂದುಕೊಂಡಿದ್ದೆ. ನನ್ನ ಜಂಭದ ಬೆಲೆಯನ್ನು ಅವನ ಮಂಡಿ ತೆರುತ್ತಿತ್ತು. ಜೊತೆಗಾರರಿಗೆ ನಾನು ಕೊಡುತ್ತಿದ್ದದ್ದು ತೋಳನ್ನಲ್ಲ, ತೋಳಿನ ಸುಳ್ಳನ್ನು. ಆ ಸುಳ್ಳನ್ನು ಅವರು ಬಿದ್ದು ಎದ್ದು ಹಿಡಿಯಬೇಕಿತ್ತು. ಹಾಗಾದ್ರೆ ಪಾಪ, ಅವರ ಗತಿ ಏನು ಎಂದು ವೆಸ್ ಕೇಳಿದ್ದು ನೆನಪಾಯಿತು. ಕೇಳಿಸಿದ್ದು ಒಂದು ವಾರದ ಹಿಂದೆ, ಕಂಡದ್ದು ಈಗ.

ಎಡಗೈ ಮೇಲೆತ್ತಿದೆ. ಥೇಟ್ ರಾಡಿಗನ್ನನ ಹಾಗೆ.

ಜನರ ನಡುವಿನಿಂದ ಮಾಂಸದಂಗಡಿಯವನ ದನಿ ಬಂತು: "ಇನ್ನೊಂದು ಕೈಲಿ ಎಸಿ, ಕ್ಲೆಮ್!" ಎಲ್ಲರೂ ಗೊಳ್ಳೆಂದು ನಕ್ಕರು. ಇಂಗು ತಿಂದ ಮಂಗನ ಹಾಗೆ ನಿಂತೆ.

"ನನ್ನ ಕೈಲಿ ಆಗ್ತಿಲ್ಲ ನಾರ್ಬ್. ಒಂದು ವಾರದಿಂದ ಆಗ್ತಿಲ್ಲ," ಎಂದೆ.

"ಅಂತೂ ಹೇಳಿದ್ಯಲ್ಲ," ಎಂದ ನಾರ್ಬ್. ಅಷ್ಟರಲ್ಲಿ ಲುಸೀಲ್ ತನ್ನ ಮಡಚುವ ಕುರ್ಚಿಯಿಂದ ಎದ್ದು ನಡೆದು ಬರುತ್ತಿದ್ದಳು. ಅವಳ ಕೈಯಲ್ಲಿ ಗ್ಲವ್ ಇತ್ತು.

"ಅದೆಲ್ಲಿಂದ ಬಂತು?"

"ಊಟದ ಬುಟ್ಟಿಯಿಂದ."

"ಮತ್ತೆ ಸ್ಯಾಂಡ್‌ವಿಚ್ಚು?"

"ಇವತ್ತು ಸ್ಯಾಂಡ್‌ವಿಚ್ ಇಲ್ಲ. ಚೆಂಡು ಕೊಡು."

ಮದುವೆಗೆ ಮುಂಚೆ ಅವಳು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಯ ಹುಡುಗಿಯರ ತಂಡದಲ್ಲಿ ಪಿಚರ್ ಆಗಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಅವಳ ಹಳೆಯ ಫೋಟೋಗಳ ಸಾಲಿಗೆ ಸೇರಿಸಿಬಿಟ್ಟಿದ್ದೆ. ಚರ್ಚಿನ ಯಾರು ಬೇಕಾದರೂ ಆಡಬಹುದೆಂದು ನಿಯಮವಿದೆ. ಗಂಡಸರೇ ಆಡಬೇಕೆಂಬುದು ನಿಯಮವಲ್ಲ, ನಮ್ಮ ಅಭ್ಯಾಸ. ಅವಳು ಮೊದಲ ಚೆಂಡು ಎಸೆದಾಗ ನಾರ್ಬ್ ಗ್ಲವ್ ಅಲ್ಲಾಡಿಸಬೇಕಾಗಲಿಲ್ಲ. ಚೆಂಡು ಧಪ್ ಎಂದು ಬಂದು ಕೂತಿತು. ಅದೇ ಜಮಖಾನದ ಸದ್ದು.

ಆಮೇಲೆ ಸಂತ ಸ್ಟೀಫನ್ನಿನವರು ಒಂದು ರನ್ನನ್ನೂ ಗಳಿಸಲಿಲ್ಲ. ನಮ್ಮವರು ಒಂದೊಂದಾಗಿ ಕೂಡಿಸಿಕೊಂಡು ಬಂದರು. ಕೊನೆಯಲ್ಲಿ ಒಂದೇ ಒಂದು ರನ್ನಿನಿಂದ ಸೋತೆವು. ಆ ಒಂದು ರನ್ನು ಯಾರು ಕೊಟ್ಟದ್ದೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದ ನಾರ್ಬ್, "ನಂಗೆ ಆ ಕಪ್ಪು ಬೇಕಿತ್ತು ಕಣೋ," ಎಂದ.

"ಗೊತ್ತು. ತಪ್ಪಾಯ್ತು ನಾರ್ಬ್."

"ಬೆಳಿಗ್ಗೆನೇ ಒಂದು ಮಾತು ಹೇಳಿದ್ರೆ ಏನು ಹೋಗ್ತಿತ್ತು?"

"ಹೇಡಿ ಅಂದ್ಕೋತೀಯ ಅಂತ."

"ನನ್ನ ಮಂಡಿ ನೋಯತ್ತೆ ಅಂತ ನಾನು ಕಂಡೋರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ. ನಾನು ಹೇಡಿನಾ?"

ಕಾರು ಓಡಿಸುತ್ತಿದ್ದ ಲುಸೀಲ್ ನನ್ನ ಕಡೆ ನೋಡಲಿಲ್ಲ, ಆದರೆ ಗೇರಿನ ಮೇಲಿದ್ದ ಕೈ ತೆಗೆದು ಒಂದು ಗಳಿಗೆ ನನ್ನ ತೊಡೆಯ ಮೇಲಿಟ್ಟಳು.

"ನಿಂಗೆ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ?" ಎಂದೆ.

"ಭುಜ ನಿನ್ನದು ಕಣೋ," ಎಂದಳು.

ಶುಕ್ರವಾರ ಬಾಣಲೆ ಉಜ್ಜಲು ಹೋದೆವು. ನನ್ನ ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು, ನಾರ್ಬ್ ಆಪರೇಷನ್ ಮುಗಿಸಿ ನಮ್ಮ ಮನೆಯಲ್ಲಿ ಮಲಗಿದ್ದ. ನಮ್ಮಿಬ್ಬರ ಪಾಲನ್ನೂ ಉಳಿದವರೇ ಉಜ್ಜಿದರು. ನಾನು ಒಂದು ಕೈಯಲ್ಲಿ ಚಮಚ ಒರೆಸುತ್ತ ಅವರ ಬೆನ್ನುಗಳನ್ನು ನೋಡುತ್ತ ನಿಂತೆ.

ಮರುದಿನ ಶನಿವಾರ. ಆಟವಿಲ್ಲದಿದ್ದರೂ ಶನಿವಾರ ಮಧ್ಯಾಹ್ನ ವೆಸ್‌ರ ಮಾತಿರುತ್ತದೆ. ನನ್ನ ಕುರ್ಚಿಯಲ್ಲಿ ನಾರ್ಬ್, ನನ್ನ ಕಾಲ್ಮಣೆಯ ಮೇಲೆ ಅವನ ಹೊಸ ಮಂಡಿ. ನಾನು ಅಡುಗೆಮನೆಯಿಂದ ತಂದ ಸ್ಟೂಲಿನ ಮೇಲೆ. ರಾಡಿಗನ್ನನ ಮೊಣಕೈ ಹರಿಯುವುದರಲ್ಲಿತ್ತಂತೆ, ಸಕಾಲಕ್ಕೆ ನಿಲ್ಲಿಸಿದ್ದರಿಂದ ಮುಂದಿನ ವರ್ಷ ಎಸೆಯಬಹುದಂತೆ ಎಂದು ವೆಸ್ ಹೇಳುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯ ಫೋನಿನಲ್ಲಿ ಲುಸೀಲ್ ಯಾರೊಂದಿಗೋ ಮಾತಾಡುವುದು ಕೇಳಿಸಿತು.

"ಹಲೋ ವೆಸ್. ನಾನು ಸೊಬೊಟ್ಕಾ ಅವರ ಹೆಂಡತಿ."

ನಾಲ್ಕಾರು ಕ್ಷಣ ಕಳೆದು ರೇಡಿಯೋದಲ್ಲೂ ಅದೇ: "ಹಲೋ ವೆಸ್. ನಾನು ಸೊಬೊಟ್ಕಾ ಅವರ ಹೆಂಡತಿ." ಫೋನಿನ ಮಾತು ರೇಡಿಯೋಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ.

"ಅವತ್ತು ನೀವು ನನ್ನ ಯಜಮಾನರನ್ನ ಒಂದು ಪ್ರಶ್ನೆ ಕೇಳಿದ್ರಿ," ಎಂದಳು ಅಡುಗೆಮನೆಯ ಲುಸೀಲ್. "ಅದಕ್ಕೆ ಅವರು ಮೈದಾನದಲ್ಲಿ ಉತ್ತರ ಕೊಟ್ರು. ಎಲ್ಲರೆದುರಿಗೆ ಕೈ ಎತ್ತಿ ಆಗಲ್ಲ ಅಂದ್ರು. ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ನಾನು ಕೇಳೇ ಇರಲಿಲ್ಲ. ಜನ ನಕ್ಕರು. ನಂಗೆ ಮಾತ್ರ ಅವರು ಯಾವತ್ತೂ ಅಷ್ಟು ಚೆನ್ನಾಗಿ ಎಸೆದಿಲ್ಲ ಅನ್ನಿಸ್ತು. ಅದನ್ನ ಹೇಳೋಣ ಅಂತ ಫೋನ್ ಮಾಡಿದೆ."

ನಾನು ಜೋಲಿಯ ತುದಿಯಿಂದ ಕಣ್ಣೊರೆಸಿಕೊಂಡೆ. ರೇಡಿಯೋದಲ್ಲಿ ಎರಡನೇ ಸಲ ಕೇಳಿದಾಗ ಇನ್ನೊಮ್ಮೆ ಒರೆಸಿಕೊಂಡೆ. ನಾರ್ಬ್ ಕೂಡ ಕಣ್ಣೊರೆಸಿಕೊಂಡ. ಆ ಗಳಿಗೆಯಲ್ಲಿ ಫೋನು ಕೆಟ್ಟುಹೋಗಿದ್ದರೆ ನಾನು ಈ ಊರಿನಲ್ಲಿ ತಲೆಯೆತ್ತಿ ಬಾಳುತ್ತಿದ್ದೆ.

ಅಡುಗೆಮನೆಯಿಂದ ದನಿ ಬಂತು: "ಭುಜ ಹೇಗೆ ಕೆಡ್ತು ಅಂದ್ರಾ? ಅಯ್ಯೋ, ಅದನ್ನ ಏನು ಕೇಳ್ತೀರಿ!"

"ಲುಸೀಲ್!" ಎಂದು ಚೀರಿ ಎದ್ದೆ. ನಾರ್ಬನ ಕಬ್ಬಿಣದ ಮಂಡಿ ದಾರಿಗೆ ಅಡ್ಡವಾಗಿತ್ತು, ದಾಟುವಂತಿರಲಿಲ್ಲ. ರೇಡಿಯೋ ಆರಿಸೋಣವೆಂದರೆ ನಮ್ಮನೆಯದು ಆರಿದ ಮಾತ್ರಕ್ಕೆ ಊರಿನದೆಲ್ಲ ಆರುತ್ತದೆಯೇ?

"ಟೀವಿಗೆ ಚಪ್ಪಲಿ ಎಸೆದು! ಹೂಂ, ರಾಡಿಗನ್ ನಡೆದು ಹೋಗ್ತಿದ್ನಲ್ಲ, ಅವನಿಗೇ. ಇಲ್ಲ ಇಲ್ಲ, ತಾಗಲಿಲ್ಲ. ನನ್ನ ಹೂವಿನ ಕುಂಡಕ್ಕೆ ತಾಗ್ತು."

ಇದ್ದಕ್ಕಿದ್ದಂತೆ ಲುಸೀಲ್ ಕಿಸಕ್ಕನೆ ನಕ್ಕಳು, ನಗು ತಡೆಯಲಾರದೆ ಏನೋ ಪಾತ್ರೆ ಬೀಳಿಸಿದಳು. ವೆಸ್ ಏನೋ ಅಂದಿದ್ದಾರೆ. ಏನೆಂದು ನನಗಿನ್ನೂ ಬಂದಿಲ್ಲ. ನಾರ್ಬ್ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದ. ಇಬ್ಬರೂ ರೇಡಿಯೋ ಕಡೆ ಬಗ್ಗಿದೆವು. ಚಪ್ಪಲಿ ಬಂತು, ರಾಡಿಗನ್ ಬಂದ, ಕುಂಡ ಬಂತು. ಕೊನೆಗೆ ನನ್ನ ಅಪ್ಪ ಕೇಳಿದ, ನಾನು ಕೇಳಿದ, ಆ ಮುದಿ ಬೆಚ್ಚಗಿನ ದನಿ ಬಂತು:

"ಹಾಗಾದ್ರೆ ರಾಡಿಗನ್‌ಗೆ ಹೇಳ್ತೀನಿ, ಆರಾಮಾಗಿ ಇರಪ್ಪ, ನಿನ್ನ ಜಾಗಕ್ಕೆ ಆ ಮನುಷ್ಯನಿಂದ ಏನೂ ಭಯ ಇಲ್ಲ ಅಂತ."

ನಾರ್ಬ್ ಹೊಸ ಮಂಡಿ ಹಿಡಿದುಕೊಂಡು, "ಅಯ್ಯೋ ನೋಯತ್ತೆ ಕಣೋ, ನಗಿಸಬೇಡ್ರೋ," ಎಂದು ಒದ್ದಾಡಿ ಒದ್ದಾಡಿ ನಕ್ಕ. ಪಕ್ಕದ ಮನೆಯಲ್ಲೂ ಯಾರೋ ನಗುವುದು ಗೋಡೆಯಾಚೆಯಿಂದ ಕೇಳಿಸಿತು.

ನಾನು ಎಡಗೈ ಮೇಲೆತ್ತಿದೆ. ಆದರೆ ಬದಲಿ ಪಿಚರ್ ಇನ್ನೂ ಫೋನಿನಲ್ಲಿದ್ದಳು.